ಹರಿಯದೆ ನಿಂತ ದುಗ್ಧರಸ

ಸೂಕ್ಷ್ಮ ರಕ್ತನಾಳಗಳಿಂದ ಅಂಗಾಂಶಗಳೊಳಗೆ ಜಿನುಗಿದ ದ್ರವದಲ್ಲಿ ಮಿಕ್ಕುಳಿದ ಪಾಲನ್ನು, ಅದರ ಜೊತೆಗೆ ಪ್ರೋಟೀನು, ರೋಗಾಣುಗಳನ್ನೂ ಹೊತ್ತು ಕೊರಳ ಬುಡದ ದೊಡ್ಡ ಅಭಿಧಮನಿಗಳಿಗೆ ಸೇರಿಸುವ ಪ್ರತ್ಯೇಕ ನಾಳಜಾಲವೊಂದು ದೇಹದಲ್ಲಿದೆ. ಅದರಲ್ಲಿ ಹರಿಯುವ ತಿಳಿದ್ರವವೇ ದುಗ್ಧರಸ. ದಾರಿಯಲ್ಲಿ ಅದನ್ನು ಸೋಸುವ, ಅವರೆಕಾಳಿನ ಆಕಾರದ ಗಂಟುಗಳೇ ದುಗ್ಧಗ್ರಂಥಿಗಳು. ಈ ಜಾಲಕ್ಕೆ ಹೃದಯದಂತಹ ಕೇಂದ್ರವಿಲ್ಲದಿರುವುದರಿಂದ ನಾಳಗಳ ಸಂಕೋಚನ, ಸ್ನಾಯುಗಳ ಚಲನೆ ಮತ್ತು ಉಸಿರಾಟಗಳೇ ರಸವನ್ನು ಮುಂದೂಡಬೇಕು. ದಾರಿ ಕಟ್ಟಿದಾಗ ಪ್ರೋಟೀನು ತುಂಬಿದ ರಸವು ಚರ್ಮದಡಿ ನಿಂತು, ಬರಬರುತ್ತ ಅಲ್ಲಿ ನಾರು ಮತ್ತು ಕೊಬ್ಬು ಬೆಳೆದು, ಮೊದಲು ಒತ್ತಿದರೆ ಗುಳಿ ಬೀಳುತ್ತಿದ್ದ ಬಾವು ಗಟ್ಟಿಯಾಗುತ್ತದೆ. ಇದೇ ಲಿಂಫೆಡೀಮಾ. ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರನ್ನಷ್ಟೇ ಹೊರಹಾಕಿ ಪ್ರೋಟೀನನ್ನು ಅಲ್ಲೇ ಬಿಡುವುದರಿಂದ ಈ ಬಾವಿಗೆ ಅವು ಮದ್ದಲ್ಲ.

ಕಲಬುರಗಿ, ಬೀದರ್, ದಕ್ಷಿಣ ಕನ್ನಡದಂತಹ ಜಿಲ್ಲೆಗಳಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹರಡುವ ಫೈಲೇರಿಯಾ ಹುಳು ಇದಕ್ಕೆ ಮುಖ್ಯ ಕಾರಣವಾಗಿದ್ದು, ಜನ ಆ ಬಾವನ್ನು ಆನೆಕಾಲು ಎಂದು ಕರೆಯುತ್ತಾರೆ. ಕುಣಿಗಲ್‌ನಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಾದರೋ ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಬರುವ ಕೈಬಾವಿನ ಕಡೆಗೆ ಹೆಚ್ಚಿನ ಗಮನ ಹರಿಯಬೇಕಾಗಿದೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದ ಐವರಲ್ಲಿ ಸುಮಾರು ಒಬ್ಬರಿಗೂ, ಮೊದಲ ಕಾವಲು ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸಿದ 100 ಮಂದಿಯಲ್ಲಿ ಐದಾರು ಮಂದಿಗೂ ಇದು ಬರುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷಗಳೊಳಗೆ, ಕೆಲವೊಮ್ಮೆ ಬಹುಕಾಲದ ಮೇಲೆ, ಬಳೆಯೋ ರವಿಕೆಯ ತೋಳೋ ಒಂದೇ ಕೈಗೆ ಬಿಗಿಯೆನಿಸುವುದು ಅದರ ಮೊದಲ ಸುಳಿವು. ನೋವಿಲ್ಲವೆಂದು ಇದನ್ನು ಕಡೆಗಣಿಸುವವರೇ ಹೆಚ್ಚು.

ಅಪಾಯ ತಗ್ಗಿಸುವ ಉಪಾಯಗಳಲ್ಲಿ ಮೊದಲ ಸ್ಥಾನ ಚರ್ಮದ ಆರೈಕೆಗೆ ಸಲ್ಲುತ್ತದೆ. ರಾಗಿ ಕೊಯ್ಯುವಾಗ ಕುಡುಗೋಲು ತಾಗಿದ ಗೀರಿನಿಂದಲೋ, ಕಾಲ್ಬೆರಳ ಸಂದಿನ ಬಿರುಕಿನಿಂದಲೋ ಒಳಹೊಕ್ಕ ಬ್ಯಾಕ್ಟೀರಿಯಾ ನಿಂತ ರಸದಲ್ಲಿ ಬೇಗನೆ ಬೆಳೆಯುತ್ತದೆ. ಕೈಯೋ ಕಾಲೋ ಕೆಂಪಾಗಿ ಚಳಿಜ್ವರ ಬರುವ ಇಂತಹ ಪ್ರತಿಯೊಂದು ಸೋಂಕೂ ಉಳಿದ ನಾಳಗಳನ್ನು ಕೆಡಿಸಿ ಬಾವನ್ನು ಹೆಚ್ಚಿಸುತ್ತದೆ. ಆದುದರಿಂದ ಸೋಪು ನೀರಿನಲ್ಲಿ ತೊಳೆದು, ಸಂದುಗಳನ್ನು ಒರೆಸಿ ಒಣಗಿಸಿ, ಚರ್ಮ ಬಿರಿಯದಂತೆ ಎಣ್ಣೆ ಸವರುವುದು, ಹೊಲದಲ್ಲಿ ಕೈಗವಸು ಮತ್ತು ಚಪ್ಪಲಿ ಬಳಸುವುದು, ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣುವುದು ಅಗತ್ಯ.

ಶಸ್ತ್ರಚಿಕಿತ್ಸೆಯಾದ ಬದಿಯ ಕೈಯಲ್ಲಿ ಕೊಡ ಎತ್ತಲೇಬಾರದೆಂಬ ಹಳೆಯ ಎಚ್ಚರಿಕೆ ಮಾತ್ರ ಈಗ ನಿಲ್ಲದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಕೈಬಾವಿದ್ದ 141 ಮಹಿಳೆಯರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸಿ ಎತ್ತಿದವರಿಗೆ ಬಾವು ಹೆಚ್ಚಲಿಲ್ಲ. ಸ್ನಾಯುಗಳ ಚಲನೆಯೇ ದುಗ್ಧರಸಕ್ಕೆ ಆಸರೆಯಾಗಿರುವಾಗ ಕೈಯನ್ನು ಆಡಿಸದೆ ಇಡುವುದೇ ಹಾನಿಕರ.

ಕಾಸರಗೋಡಿನಲ್ಲಿ 1999ರಲ್ಲಿ ಆರಂಭವಾದ, ಡಾ. ಎಸ್. ಆರ್. ನರಹರಿಯವರ ನೇತೃತ್ವದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಈ ತತ್ತ್ವಗಳನ್ನೇ ಆಯುರ್ವೇದ ಮತ್ತು ಯೋಗದೊಡನೆ ಬೆಸೆದಿದೆ. ತೊಳೆಯುವುದು, ಗಿಡಮೂಲಿಕೆಯ ನೀರಿನಲ್ಲಿ ನೆನೆಸುವುದು, ಉಸಿರಾಟಕ್ಕೆ ಹೊಂದಿದ ಆಸನ, ಹಗುರವಾದ ನೀವುವಿಕೆ, ಕೊನೆಗೆ ಬಿಗಿಪಟ್ಟಿ ಎಂಬ ಅದರ ಕ್ರಮವನ್ನು ಕಲಬುರಗಿ ಜಿಲ್ಲೆಯಲ್ಲಿಯೂ ರೋಗಿಗಳಿಗೆ ಕಲಿಸಲಾಯಿತು. ಅದರ ಬಹುಪಾಲನ್ನು ಅವರು ಮನೆಯಲ್ಲಿಯೇ ಮಾಡಿಕೊಳ್ಳಬಹುದು.