ಮನೆಗೆ ಕನ್ನ: ಹಗಲಾದರೆ 10 ವರ್ಷ, ರಾತ್ರಿಯಾದರೆ 14

ಜರಗನಹಳ್ಳಿ: ಹಬ್ಬಕ್ಕೆ ಊರಿಗೆ ಹೋಗಿ ಬಂದಾಗ ಬೀಗ ಮುರಿದಿದ್ದರೆ ನಾವು ಮೊದಲು ಓಡೋದು ಬೀರುವಿನ ಹತ್ತಿರ. ಕಾನೂನು ಮೊದಲು ನೋಡೋದು ಬಾಗಿಲನ್ನ. ಕದಿಯೋಕೆ ಬಂದವನಿಗೆ ಏನೂ ಸಿಗದಿದ್ದರೂ ಒಳಹೊಕ್ಕಿದ್ದೇ ಅಪರಾಧ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 330ನೇ ಸೆಕ್ಷನ್ ಪ್ರಕಾರ, ಬೀಗ ತೆಗೆದು ನುಗ್ಗಿದರೆ ಅದು ಕನ್ನ. ನೀವು ಕಳೆದುಕೊಂಡ ಕೀಲಿಯಿಂದಲೇ ತೆಗೆದಿದ್ದರೂ ಅಷ್ಟೇ, ಗೋಡೆ ಹತ್ತಿ ಬಾಲ್ಕನಿಯಿಂದ ಬಂದರೂ ಅಷ್ಟೇ. ತೆರೆದ ಬಾಗಿಲಿಂದ ಬಂದು ಮೊಬೈಲ್ ಎತ್ತಿಕೊಂಡು ಹೋದರೆ ಮನೆಯೊಳಗಿನ ಕಳವು; 7 ವರ್ಷದವರೆಗೆ ಜೈಲು.

331ನೇ ಸೆಕ್ಷನ್‌ನಲ್ಲಿ ಹೊತ್ತಿಗೆ ತಕ್ಕ ಶಿಕ್ಷೆ ಇದೆ. ಕಳವಿಗಾಗಿ ಹಗಲು ಕನ್ನ ಹಾಕಿದರೆ 10 ವರ್ಷದವರೆಗೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಹಾಕಿದರೆ 14 ವರ್ಷದವರೆಗೆ. ಸಂಜೆ ಏಳಕ್ಕೆ ಕನಕಪುರ ರಸ್ತೆ ತುಂಬಾ ಜನ ಇದ್ದರೂ ಕಾನೂನಿನ ಲೆಕ್ಕದಲ್ಲಿ ಅದು ರಾತ್ರಿಯೇ! ಕನ್ನ ಹಾಕುವಾಗ ಮನೆಯವರಿಗೆ ತೀವ್ರ ಗಾಯ ಮಾಡಿದರೆ ಜೀವಾವಧಿವರೆಗೂ ಹೋಗಬಹುದು. ಐದು ಅಥವಾ ಹೆಚ್ಚು ಜನ ಸೇರಿ ಹೊಡೆದು, ಹೆದರಿಸಿ ದೋಚಿದರೆ ದರೋಡೆ. ಅದರಲ್ಲಿ ಕೊಲೆಯಾದರೆ ಮರಣದಂಡನೆಗೂ ಅವಕಾಶ ಇದೆ. ದಂಡುಪಾಳ್ಯ ಗ್ಯಾಂಗ್ ಹೆಸರು ಕೇಳಿದ ಬೆಂಗಳೂರಿಗರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ದೂರಿನಲ್ಲಿ ‘ಚಿನ್ನ ಹೋಗಿದೆ’ ಅಂತಷ್ಟೇ ಬರೆದರೆ ಸಾಲದು. ಬೀಗ ಹಾಕಿದ್ದು ಯಾವಾಗ, ಮುರಿದದ್ದು ಕಂಡಿದ್ದು ಯಾವಾಗ, ಒಳಗೆ ಬಂದಿದ್ದು ಎಲ್ಲಿಂದ, ಕೈಯಲ್ಲಿ ಆಯುಧ ಇತ್ತಾ ಅನ್ನೋದನ್ನೆಲ್ಲ ಬರೆಸಿ. ಎರಡು ದಿನ ಮನೆಯಲ್ಲಿ ಇಲ್ಲದಿದ್ದರೆ ಹಗಲೋ ರಾತ್ರಿಯೋ ಹೇಳೋರು ಯಾರು? ಪಕ್ಕದ ಮನೆಯ ಸಿಸಿ ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮೊದಲೇ ಕೇಳಿ ಇಟ್ಟುಕೊಳ್ಳಿ. ಬೆರಳಚ್ಚು ತೆಗೆಯೋವರೆಗೆ ಚಿಲಕ ಮುಟ್ಟಬೇಡಿ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ.