ಗೇರ್‌ಬಾಕ್ಸ್ ಹೋಗಿದೆ ಅಂದ ಕೂಡಲೇ ಬಿಚ್ಚಿಸಬೇಡಿ

ಪೂರ್ತಿ ಕೆಟ್ಟು ನಿಂತ ಗಾಡಿಯ ಜೊತೆ ಹೇಗೋ ಏಗಬಹುದು. ಯಾವಾಗಲೋ ಒಮ್ಮೆ ಕೆಡುವ ಗಾಡಿ ಇದೆಯಲ್ಲ, ಅದರ ಕಾಟವೇ ಬೇರೆ. ದಾರಿಯಲ್ಲಿ ಜೀವ ಬಾಯಿಗೆ ತರಿಸುತ್ತೆ, ಗ್ಯಾರೇಜಿಗೆ ಒಯ್ದ ದಿನ ಏನೂ ಗೊತ್ತಿಲ್ಲದ ಮಗುವಿನ ಹಾಗೆ ಇರುತ್ತೆ. ಅದರಲ್ಲೂ ಹಳೇ ಆಟೋಮ್ಯಾಟಿಕ್ ಕಾರಾದರೆ ಮುಗೀತು, ಅಂದಾಜಿನ ಮೇಲೆಯೇ ದೊಡ್ಡ ಬಿಲ್ಲು ಬರುತ್ತೆ.

ಹಾಸನದಲ್ಲಿರುವ ಅಪ್ಪನ ಕಾರಿಗೆ ಆಗಿದ್ದೂ ಇದೇ. 2012ರ ಮಾಡೆಲ್, ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಎಡ ಮೊಣಕಾಲಿಗೆ ಆಪರೇಷನ್ ಆಗಿರೋದರಿಂದ ಅಪ್ಪನಿಗೆ ಕ್ಲಚ್ ತುಳಿಯೋಕಾಗಲ್ಲ. ಅಮ್ಮನನ್ನು ಚೆಕಪ್‌ಗೆ ಮಂಗಳೂರಿಗೆ ಕರೆದುಕೊಂಡು ಹೋಗೋದೂ ಇದೇ ಕಾರಿನಲ್ಲಿ, ಶಿರಾಡಿ ಘಾಟಿ ದಾಟಿ.

ಮಳೆಗಾಲ ಮುಗಿದ ಮೇಲೆ ಶುರುವಾಯಿತು. ಮುಕ್ಕಾಲು ಗಂಟೆ ಓಡಿದ ನಂತರ ಒಮ್ಮೊಮ್ಮೆ ಧಡ್ ಅಂತ ಗುದ್ದು. ಆಮೇಲೆ ಗಾಡಿ ಮೂರನೇ ಗೇರಿನಲ್ಲೇ ಸಿಕ್ಕಿಕೊಳ್ಳೋದು. ಏರಿನಲ್ಲಿ ಎಳೆಯಲ್ಲ, ಹಿಂದೆ ಲಾರಿಗಳ ಹಾರ್ನು. ಪಕ್ಕಕ್ಕೆ ಹಾಕಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ.

“ಸಾರ್, ಗೇರ್‌ಬಾಕ್ಸ್ ಹೋಗಿದೆ. ಬಿಚ್ಚಿ ಮಾಡ್ಬೇಕು, ಒಂದೂವರೆ ಲಕ್ಷ ಇಟ್ಕೊಳ್ಳಿ” ಅಂದರು ಗ್ಯಾರೇಜಿನಲ್ಲಿ. ಗಾಡಿ ಮಾರಿದರೆ ಸಿಗೋದೇ ಎರಡೂವರೆ. “ಬಂದಷ್ಟಕ್ಕೆ ಕೊಟ್ಬಿಡೋಣ ಕಣೋ” ಅಂದರು ಅಪ್ಪ. ಕೊಟ್ಟರೆ ಅವರ ಓಡಾಟವೇ ನಿಂತುಹೋಗುತ್ತೆ ಅನ್ನೋದು ನನಗೂ ಗೊತ್ತು, ಅವರಿಗೂ ಗೊತ್ತು.

ಆಫ್ ಮಾಡಿದರೆ ಸರಿಯಾಗೋದು ಯಾಕೆ?

ನನ್ನದು ಸಾಫ್ಟ್‌ವೇರ್ ಕೆಲಸ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ, ಯಾಕೆ ಸರಿಹೋಯಿತು ಅಂತ ಕೇಳೋದು ನಮ್ಮ ಅಭ್ಯಾಸ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಟಿಸಿಎಂ ಅನ್ನುವ ಪುಟ್ಟ ಕಂಪ್ಯೂಟರ್ ಇರುತ್ತೆ. ಸೆನ್ಸರ್‌ಗಳ ಮಾತು ಕೇಳಿ, ಸೊಲೆನಾಯ್ಡ್ ಅನ್ನುವ ವಿದ್ಯುತ್ ವಾಲ್ವ್‌ಗಳ ಮೂಲಕ ಆಯಿಲನ್ನು ಬೇಕಾದ ಕಡೆ ಹರಿಸಿ ಅದು ಗೇರ್ ಬದಲಿಸುತ್ತೆ. ಸೆನ್ಸರ್ ಹೇಳೋದು ಅರ್ಥವಿಲ್ಲದ್ದು ಅನ್ನಿಸಿದರೆ ಲಿಂಪ್ ಮೋಡಿಗೆ ಹೋಗುತ್ತೆ. ಸೊಲೆನಾಯ್ಡ್‌ಗಳಿಗೆ ಕರೆಂಟ್ ಕಟ್ ಮಾಡುತ್ತೆ, ಗೇರ್‌ಬಾಕ್ಸ್ ಒಂದೇ ಗೇರಿನಲ್ಲಿ ಉಳಿಯುತ್ತೆ. ಇಂಥ ಹಲವು ಗಾಡಿಗಳಲ್ಲಿ ಅದು ಮೂರನೆಯದು. ಕೀ ತಿರುಗಿಸಿ ಮತ್ತೆ ಹಾಕಿದಾಗ ಕಂಪ್ಯೂಟರ್ ಹೊಸದಾಗಿ ಲೆಕ್ಕ ಶುರು ಮಾಡುತ್ತೆ, ಅಷ್ಟೇ.

ಒಳಗೆ ಕ್ಲಚ್ ಪ್ಲೇಟ್ ಸವೆದು ಜಾರುತ್ತಿದ್ದರೂ ಲಿಂಪ್ ಮೋಡ್ ಬರಬಹುದು. ಹಾಗಾಗಿ ಈ ಒಂದು ಲಕ್ಷಣ ಹಿಡಿದು ಗೇರ್‌ಬಾಕ್ಸ್ ಹೋಗಿದೆ ಅನ್ನೋಕೂ ಆಗಲ್ಲ, ಹೋಗಿಲ್ಲ ಅನ್ನೋಕೂ ಆಗಲ್ಲ. ಸಾಕ್ಷಿ ಬೇಕು.

ಮೊದಲು ಖರ್ಚಿಲ್ಲದ ಪರೀಕ್ಷೆ

ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ತೊಂದರೆ ಬಂದಾಗೆಲ್ಲ ಸಮಯ, ಎಷ್ಟು ಹೊತ್ತು ಓಡಿತ್ತು, ಏರೋ ಇಳಿಜಾರೋ, ಹಂಪ್ ಇತ್ತೋ ಅಂತ ಅಪ್ಪ ಬರೆದರು. ಎರಡು ವಾರದಲ್ಲಿ ಐದು ಸಲ ಬಂತು. ಐದೂ ಸಲ ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು, ನಾಲ್ಕು ಸಲ ಹಂಪ್ ಅಥವಾ ಗುಂಡಿ ದಾಟಿದ ಕೂಡಲೇ ಬಂದಿತ್ತು.

ಆಮೇಲೆ ಆಯಿಲ್. ನಮ್ಮ ಕಾರಿಗೆ ಡಿಪ್‌ಸ್ಟಿಕ್ ಇದೆ. ಸಮತಟ್ಟಾದ ಜಾಗದಲ್ಲಿ, ಬಿಸಿಯಿದ್ದಾಗ, ಎಂಜಿನ್ ಚಾಲೂ ಇಟ್ಟು, ಪಾರ್ಕಿಂಗಿನಲ್ಲಿ ನೋಡಿದೆ. ನಿಮ್ಮ ಗಾಡಿಯ ಕ್ರಮ ಬೇರೆ ಇರಬಹುದು, ಮ್ಯಾನ್ಯುವಲ್ ನೋಡಿ. ಮಟ್ಟ ಸರಿ, ಬಣ್ಣ ಇನ್ನೂ ಕೆಂಪು, ಸೀದ ವಾಸನೆ ಇಲ್ಲ. ಕ್ಲಚ್ ಸುಟ್ಟಿದ್ದರೆ ಆಯಿಲ್ ಸಾಮಾನ್ಯವಾಗಿ ಕಪ್ಪಾಗಿ ಸೀದ ವಾಸನೆ ಹೊಡೆಯುತ್ತೆ. ಬ್ಯಾಟರಿ ವೋಲ್ಟೇಜು, ಅರ್ಥಿಂಗ್ ವೈರು ಎರಡನ್ನೂ ನೋಡಿದೆ. ವೋಲ್ಟೇಜ್ ಏರುಪೇರಾದರೂ ಈ ಕಂಪ್ಯೂಟರ್‌ಗಳು ಏನೇನೋ ದೂರು ಹೇಳುತ್ತವೆ. ಅಲ್ಲೂ ತೊಂದರೆ ಇರಲಿಲ್ಲ.

ಜೀರೋ ಹೇಳಿದ ಸತ್ಯ

ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಸಿಕ್ಕವು. ಪಿ0700 ಅಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನ ಬಳಿ ದೂರು ಇದೆ ಅಂತ ಮಾತ್ರ. ಪಿ0717 ಅಂದರೆ ಟರ್ಬೈನ್ ಸ್ಪೀಡ್ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲ ಅಂತ. ಅಳಿಸುವ ಮುಂಚೆ ಎಲ್ಲದರ ಫೋಟೋ ತೆಗೆದಿಟ್ಟೆ. ಒಂದು ಮಾತು: ಅಗ್ಗದ ಬ್ಲೂಟೂತ್ ಅಡಾಪ್ಟರಿನ ಹಲವು ಆ್ಯಪ್‌ಗಳು ಎಂಜಿನ್ ಮಾಹಿತಿ ಮಾತ್ರ ಓದುತ್ತವೆ. ಗೇರ್‌ಬಾಕ್ಸ್ ಡೇಟಾ ಓದುವಂಥದ್ದೇ ಬೇಕು.

ಟಾರ್ಕ್ ಕನ್ವರ್ಟರ್ ಒಳಗೆ ಎದುರುಬದುರು ಎರಡು ಫ್ಯಾನ್ ಇವೆ ಅಂದುಕೊಳ್ಳಿ. ಒಂದನ್ನು ಎಂಜಿನ್ ತಿರುಗಿಸುತ್ತೆ, ಅದು ತಳ್ಳುವ ಆಯಿಲ್ ಇನ್ನೊಂದನ್ನು ತಿರುಗಿಸುತ್ತೆ. ಆ ಇನ್ನೊಂದೇ ಟರ್ಬೈನ್, ಗೇರ್‌ಬಾಕ್ಸಿನೊಳಗೆ ಶಕ್ತಿ ಹೋಗೋದು ಅದರ ಮೂಲಕವೇ.

ಭಾನುವಾರ ಅಪ್ಪ ಓಡಿಸಿದರು, ನಾನು ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿದೆ. ಸಕಲೇಶಪುರದ ಹತ್ತಿರ ಒಂದು ಹಂಪ್ ದಾಟಿದಾಗ ಧಡ್! ಮನೆಗೆ ಬಂದು ಗ್ರಾಫ್ ತೆಗೆದೆ. ಗುದ್ದಿಗೆ ತುಸು ಮುಂಚೆ ಎಂಜಿನ್ ವೇಗ ಸಹಜ, ಔಟ್‌ಪುಟ್ ಶಾಫ್ಟಿನ ವೇಗವೂ ಸಹಜ. ಟರ್ಬೈನ್ ವೇಗ ಮಾತ್ರ ಒಮ್ಮೆಲೇ 0.

ಗಾಡಿ ಗೇರಿನಲ್ಲಿ ಓಡುತ್ತಿರುವಾಗ ಟರ್ಬೈನ್ ಹಾಗೆ ಥಟ್ಟನೆ ನಿಲ್ಲೋಕೆ ಸಾಧ್ಯವೇ ಇಲ್ಲ. ಕ್ಲಚ್ ಜಾರಿದ್ದರೆ ಟರ್ಬೈನ್ ವೇಗ ಏರುತ್ತಿತ್ತು, ಔಟ್‌ಪುಟ್ ಜೊತೆಗಿನ ಅದರ ಅನುಪಾತ ತಪ್ಪುತ್ತಿತ್ತು. ಜೀರೋ ಆಗುತ್ತಿರಲಿಲ್ಲ. ಅಂದರೆ ನಿಂತಿದ್ದು ಟರ್ಬೈನ್ ಅಲ್ಲ, ಅದರ ಸುದ್ದಿ. ಸೆನ್ಸರ್, ಕನೆಕ್ಟರ್, ವೈರು, ಕೊನೆಗೆ ಟಿಸಿಎಂ, ಈ ನಾಲ್ಕರಲ್ಲೇ ಹುಡುಕಬೇಕಿತ್ತು.

ಹಸಿರುಗಟ್ಟಿದ ತಾಮ್ರ

ಗ್ರಾಫ್ ಹಿಡಿದುಕೊಂಡು ಊರಿನ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ತಣ್ಣಗಿರುವಾಗ ಮುಟ್ಟಲೇ ಇಲ್ಲ. “ರೋಗ ಬರೋ ಹೊತ್ತಲ್ಲೇ ನಾಡಿ ಹಿಡೀಬೇಕು ಕಣಪ್ಪ” ಅಂತ ಗಾಡಿ ಬಿಸಿಯಾಗೋ ತನಕ ಓಡಿಸಿಕೊಂಡು ಬಂದರು. ಎಂಜಿನ್ ಆಫ್ ಮಾಡಿ, ಟಿಸಿಎಂ ಕಡೆಯ ಕನೆಕ್ಟರ್ ಬಿಡಿಸಿ, ಸೆನ್ಸರಿನ ಎರಡು ತಂತಿಗೆ ಮಲ್ಟಿಮೀಟರ್ ಹಿಡಿದರು. ರೀಡಿಂಗ್ ಸರಿಯಿತ್ತು. ಸೆನ್ಸರ್ ಹತ್ತಿರದ ವೈರನ್ನು ಮೆಲ್ಲಗೆ ಅಲ್ಲಾಡಿಸಿದರು. ರೀಡಿಂಗ್ ಮಾಯ. ಬಿಟ್ಟರೆ ಮತ್ತೆ ಬಂತು.

ರಬ್ಬರ್ ಕವರ್ ಸರಿಸಿದಾಗ ಕಂಡಿತು. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು. ಒಳಗೆ ನೀರು ಸೇರಿ ತಾಮ್ರದ ಎಳೆಗಳು ಹಸಿರುಗಟ್ಟಿ ತುಂಡಾಗಿ, ತುದಿಗೆ ತುದಿ ತಾಗಿಕೊಂಡಿದ್ದವು ಅಷ್ಟೇ. ತಣ್ಣಗಿದ್ದಾಗ ತಾಗುತ್ತೆ, ಬಿಸಿಗೆ ಸಡಿಲವಾಗಿ ಹಂಪಿನಲ್ಲಿ ಬಿಟ್ಟುಕೊಳ್ಳುತ್ತೆ. ಹೊಸ ಕನೆಕ್ಟರ್, ಅರ್ಧ ಅಡಿ ವೈರು, ಕೂಲಿ ಎಲ್ಲ ಸೇರಿ 1,100 ರೂಪಾಯಿ.

ಕೋಡ್ ಅಳಿಸಿ ಅದೇ ದಾರಿಯಲ್ಲಿ ಮತ್ತೆ ರೆಕಾರ್ಡ್ ಮಾಡಿದೆವು. ಟರ್ಬೈನ್ ಗೆರೆ ಎಲ್ಲೂ ತುಂಡಾಗಲಿಲ್ಲ. ಆಮೇಲೆ ಅಪ್ಪ ಅಮ್ಮ ಎರಡು ಸಲ ಮಂಗಳೂರಿಗೆ ಹೋಗಿ ಬಂದಿದ್ದಾರೆ.

ಎಲ್ಲರ ಕಥೆಯೂ 1,100ಕ್ಕೆ ಮುಗಿಯುತ್ತೆ ಅಂತಲ್ಲ. ಆಯಿಲ್ ಸೀದಿದ್ದರೆ, ಅದರಲ್ಲಿ ಲೋಹದ ಚೂರು ಕಂಡರೆ, ಗೇರಿಗೆ ಹಾಕಿದರೂ ಎಂಜಿನ್ ಸುಮ್ಮನೆ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಬಿಚ್ಚಲೇಬೇಕು. ಘಾಟಿಯಲ್ಲಿ ಲಿಂಪ್ ಮೋಡ್ ಬಂದರೆ ಹಟ ಮಾಡದೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಆದರೆ ಲಕ್ಷದ ಮಾತು ಬಂದಾಗ ಮೂರು ವಿಷಯ ಕೇಳಿ: ಕೋಡ್ ಏನು ಬಂತು, ಆಯಿಲ್ ಹೇಗಿದೆ, ತೊಂದರೆ ಬಂದ ಕ್ಷಣದಲ್ಲಿ ಸೆನ್ಸರ್‌ಗಳು ಏನು ಹೇಳುತ್ತಿದ್ದವು? ಈ ಮೂರಕ್ಕೂ ಉತ್ತರ ಸಿಗೋ ತನಕ ಸ್ಪ್ಯಾನರ್ ಮುಟ್ಟಿಸಬೇಡಿ.