ಮೋಟಾರು ಕೊಟ್ಟಿಗೆಗೂ ಗವಾಕ್ಷಿ ಬೇಕು

ನಮ್ಮ ಹಿರಿಯರು ಮನೆ ಕಟ್ಟಿಸುವಾಗ ದನದ ಕೊಟ್ಟಿಗೆಯ ವಿಷಯದಲ್ಲಿ ತೋರುತ್ತಿದ್ದ ಮುತುವರ್ಜಿಯ ಕಾಲು ಭಾಗವನ್ನಾದರೂ ಈಗಿನ ಗೃಹಸ್ಥರಾದ ನಾವು ಮೋಟಾರು ನಿಲ್ಲಿಸುವ ಕೊಠಡಿಯ ವಿಷಯದಲ್ಲಿ ತೋರುವುದಿಲ್ಲ. ದನಕ್ಕೆ ಉಸಿರುಂಟು, ಕಬ್ಬಿಣಕ್ಕೆ ಉಸಿರೆಲ್ಲಿಯದು ಎಂಬುದು ನಮ್ಮ ಭಾವನೆ. ಆದರೆ ಮೋಟಾರಿಗೂ ಉಸಿರುಂಟು. ಅದು ಒಳಕ್ಕೆ ಎಳೆದುಕೊಳ್ಳುವುದು ನಾವು ಸೇವಿಸುವ ಗಾಳಿಯನ್ನೇ. ಹೊರಕ್ಕೆ ಬಿಡುವುದು ಮಾತ್ರ ವಿಷವನ್ನು. ಈ ಮಾತನ್ನು ನಾನು ಶಾಲೆಯಲ್ಲಿ ಎಷ್ಟೋ ವರ್ಷ ಹುಡುಗರಿಗೆ ಹೇಳಿದ್ದುಂಟು. ತಿಳಿದುಕೊಂಡದ್ದು ಮಾತ್ರ ನಿವೃತ್ತನಾದ ಮೇಲೆ, ನನ್ನ ಮನೆಯ ಗ್ಯಾರೇಜಿನಲ್ಲಿ.

ನಮ್ಮದು ಬಳ್ಳಾರಿ ಸೀಮೆ. ಬೇಸಗೆಯ ಮಾತನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ನಮ್ಮ ಹಳೆಯ ಮನೆ ಮಣ್ಣಿನ ಮಾಳಿಗೆಯದು, ಗೋಡೆಗಳು ದಪ್ಪ, ಮಾಳಿಗೆಯಲ್ಲಿ ಅಲ್ಲಲ್ಲಿ ಗವಾಕ್ಷಿಗಳು. ಗೋವಿನ ಕಣ್ಣಿನಂತಿರುವುದರಿಂದ ಗವಾಕ್ಷವೆಂದು ಹೆಸರು. ಕಿಟಕಿಗೆ ಸಂಸ್ಕೃತದಲ್ಲಿ ವಾತಾಯನವೆಂಬ ಇನ್ನೊಂದು ಹೆಸರುಂಟು. ಗಾಳಿಯ ದಾರಿ ಎಂದು ಅರ್ಥ. ದಾರಿಯೆಂದ ಮೇಲೆ ಬರುವುದಕ್ಕೊಂದು ತುದಿ, ಹೋಗುವುದಕ್ಕೊಂದು ತುದಿ ಇರಲೇಬೇಕಷ್ಟೆ. ಇಷ್ಟೆಲ್ಲ ವ್ಯುತ್ಪತ್ತಿ ಬಲ್ಲ ನಾನು, ಮಗನ ಕಾರಿಗೆಂದು ಮನೆಯ ಪಶ್ಚಿಮದ ಗೋಡೆಗೆ ಒತ್ತಿ ಕಟ್ಟಿಸಿದ ಗ್ಯಾರೇಜು ಎಂತಹದು? ಮೇಲೆ ತಗಡು, ಮುಂದೆ ಕಬ್ಬಿಣದ ಷಟರು, ಹಿಂದುಗಡೆ ಎತ್ತರದಲ್ಲಿ ಎರಡೇ ಕಿಂಡಿ. ಆಷಾಢದ ಗಾಳಿಗೆ ಧೂಳು ನುಗ್ಗುವುದೆಂದೂ ಹೆಗ್ಗಣ ಬರುವುದೆಂದೂ ಆ ಎರಡಕ್ಕೂ ಹಳೆಯ ವೃತ್ತಪತ್ರಿಕೆಗಳನ್ನು ತುರುಕಿದವನೂ ನಾನೇ.

ಮಗನಿರುವುದು ಪರಸ್ಥಳದಲ್ಲಿ. ಕಾರು ನಿಂತಲ್ಲೇ ನಿಂತು ಬ್ಯಾಟರಿ ಕುಗ್ಗಬಾರದೆಂದು ವಾರಕ್ಕೊಮ್ಮೆ ಅದನ್ನು ತೊಳೆದು, ಸ್ವಲ್ಪ ಹೊತ್ತು ಯಂತ್ರವನ್ನು ನಡೆಯಿಸಿ ಹೋಗಲು ನೆರೆಯ ಹುಡುಗನೊಬ್ಬನನ್ನು ಗೊತ್ತುಮಾಡಿದ್ದೆ. ಒಂದು ದಿನ ಬೆಳಗ್ಗೆ ಗಾಳಿ ಬಹಳ. ತೊಳೆದ ಗಾಡಿಯ ಮೇಲೆ ಮಣ್ಣು ಕೂರುವುದೆಂದು ‘ಷಟರು ಎಳೆದುಕೋ’ ಎಂದು ನಾನೇ ಹೇಳಿದೆ. ಕಾಫಿ ಆರುತ್ತಿದೆಯೆಂದು ಕರೆದರೆ ಉತ್ತರವಿಲ್ಲ. ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು. ಷಟರನ್ನು ಎತ್ತಿ ನೋಡಿದರೆ, ಹುಡುಗನು ಚಕ್ರದ ಮೇಲೆ ತಲೆಯಿಟ್ಟು ಕುಳಿತಿದ್ದಾನೆ! ಉಸಿರು ಬಿಗಿಹಿಡಿದು ಒಳನುಗ್ಗಿ, ಕೀಲಿ ತಿರುಗಿಸಿ, ಅವನನ್ನು ಅಂಗಳಕ್ಕೆ ಎಳೆದು ತಂದೆ. ಎಚ್ಚರವಿತ್ತು, ತಲೆ ಸಿಡಿಯುವುದೆಂದನು, ವಾಂತಿ ಮಾಡಿದನು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಸಂಜೆಯವರೆಗೆ ಇರಿಸಿಕೊಂಡರು. ಅವನ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮೇಲಾಗುತ್ತಿತ್ತು.

ಆ ವಿಷದ ಹೆಸರು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಾಲಿಗೂ ಮಿಗಿಲಾದ ಬಿಗಿಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಅಲ್ಪವಾದರೂ ಸಾಕು, ಪ್ರಾಣವಾಯುವಿನ ಸ್ಥಾನವನ್ನು ಅದು ಆಕ್ರಮಿಸುತ್ತದೆ. ಈಗಿನ ಕಾರುಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ಉಪಕರಣವಿದೆಯಲ್ಲ ಎಂದು ಕೆಲವರು ವಾದಿಸುವರು. ಆ ಉಪಕರಣವು ಕಾದ ಮೇಲಲ್ಲದೆ ಕೆಲಸ ಮಾಡದು. ತಣ್ಣಗೆ ನಿಂತಿದ್ದ ಗಾಡಿಯನ್ನು ಆಗ ತಾನೇ ಎಬ್ಬಿಸಿದಾಗಲೇ ವಿಷವು ಹೆಚ್ಚು. ಇನ್ನು ಬಾಗಿಲು ತೆರೆದಿದ್ದರಾಯಿತೆಂಬುದೂ ಭ್ರಮೆಯೇ. ಗ್ಯಾರೇಜಿನಿಂದ ಮನೆಯೊಳಕ್ಕೆ ಬಾಗಿಲಿದ್ದರೆ ಅದರ ಸಂದಿನಲ್ಲಿ ಈ ವಿಷವು ಮಲಗುವ ಕೋಣೆಗೂ ಸೇರಬಹುದು. ಯಂತ್ರವನ್ನು ನಡೆಯಿಸಬೇಕಾದರೆ ಗಾಡಿಯನ್ನು ಬಯಲಿಗೆ ತಂದೇ ನಡೆಯಿಸತಕ್ಕದ್ದು. ನಾನು ಇನ್ನು ಮುಂದೆ ಹೇಳುವ ಕಿಂಡಿಗಳೂ ಈ ನಿಯಮಕ್ಕೆ ಬದಲಿಯಲ್ಲ.

ಮರುದಿನವೇ ಆ ವೃತ್ತಪತ್ರಿಕೆಗಳನ್ನು ಕಿತ್ತೆಸೆದೆ. ಆದರೂ ಒಳಗಿನ ಬೇಗೆ ತಗ್ಗಲಿಲ್ಲ. ಪರೀಕ್ಷಿಸೋಣವೆಂದು ಕಿಂಡಿಯ ಬಾಯಿಗೆ ಹತ್ತಿಯ ನೂಲಿನ ಒಂದೆಳೆಯನ್ನು ತೂಗುಬಿಟ್ಟೆನು. (ಊದುಬತ್ತಿಯ ಹೊಗೆಯಿಂದ ಇನ್ನೂ ಚೆನ್ನಾಗಿ ಕಾಣುವುದು, ಪೆಟ್ರೋಲು ಇರುವ ಜಾಗದಲ್ಲಿ ಕಿಡಿಯನ್ನು ಒಯ್ಯುವುದು ಅವಿವೇಕ.) ಷಟರು ಮುಚ್ಚಿದ್ದಾಗ ಎಳೆ ಅಲುಗಲಿಲ್ಲ. ಕೆಳಗೆ ಒಂದು ಗೇಣು ಎತ್ತಿದೊಡನೆ ಹೊರಮುಖವಾಗಿ ಹಾರಿತು! ಕಾರಣ ಸ್ಪಷ್ಟವು. ಕಾದ ಗಾಳಿ ಹಗುರವಾಗಿ ಮೇಲಕ್ಕೇರುವುದು ನಿಜ; ಆದರೆ ತಂಪುಗಾಳಿ ಕೆಳಗಿನಿಂದ ಬಂದು ಸ್ಥಳವನ್ನು ತುಂಬಿದರಲ್ಲವೆ ಅದು ಹೊರಡುವುದು? ಕೊನೆಗೆ ಪೂರ್ವದ ನೆರಳಿನ ಕಡೆ, ನೆಲದಿಂದ ಒಂದು ಗೇಣು ಮೇಲೆ, ಎರಡು ಕಿಂಡಿ ಕೊರೆಸಿದೆನು. ಬರುವ ದಾರಿಯೂ ಹೋಗುವ ದಾರಿಯೂ ಅಳತೆಯಲ್ಲಿ ಹೆಚ್ಚುಕಡಮೆ ಸಮನಾಗಿದ್ದರೆ ಫಲ ಹೆಚ್ಚು. ಎರಡರ ನಡುವಣ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಆದರೆ ಗಾಳಿಯ ಓಟವನ್ನು ಇಮ್ಮಡಿಸಬೇಕಾದರೆ ಎತ್ತರವನ್ನು ನಾಲ್ಮಡಿಸಬೇಕು, ಕಿಂಡಿಗಳನ್ನಾದರೋ ಇಮ್ಮಡಿಸಿದರೆ ಸಾಕು. ಹೆಗ್ಗಣಕ್ಕೆ ಕಾಗದವಲ್ಲ, ಗಟ್ಟಿಯಾದ ತಂತಿಯ ಬಲೆಯೇ ಮದ್ದು. ಬಲೆಯು ದಾರಿಯ ಒಂದಂಶವನ್ನು ನುಂಗುವುದರಿಂದ ಕಿಂಡಿಯನ್ನು ಸ್ವಲ್ಪ ದೊಡ್ಡದಾಗಿಯೇ ಬಿಡಬೇಕು.

ಕೆಳಗೂ ಮೇಲೂ ಕಿಂಡಿ ಬೇಕೆಂಬುದಕ್ಕೆ ಸೆಕೆಯೊಂದೇ ಕಾರಣವಲ್ಲ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರ; ಅದು ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಅನೇಕರ ಗ್ಯಾರೇಜಿನಲ್ಲಿ ವಿದ್ಯುತ್ತು ಹೋದಾಗಿನ ಉಪಯೋಗಕ್ಕೆಂದು ಸೀಸದ ದೊಡ್ಡ ಬ್ಯಾಟರಿಗಳೂ ಇರುವುವು. ಅವುಗಳಿಗೆ ವಿದ್ಯುತ್ತು ತುಂಬುವಾಗ ಹೊರಡುವ ಜಲಜನಕವು ಅತ್ಯಂತ ಹಗುರ. ಅದು ಮಾಡಿಗೆ ಹತ್ತಿ ನಿಲ್ಲುತ್ತದೆ, ಗಾಳಿಯಲ್ಲಿ ನೂರಕ್ಕೆ 4ರಷ್ಟಾದರೆ ಕಿಡಿ ತಾಗಿದೊಡನೆ ಉರಿಯುತ್ತದೆ. ಒಂದು ನೆಲದಲ್ಲಿ, ಒಂದು ಮಾಡಿನಲ್ಲಿ, ನಡುವೆ ನಾವು! ಈ ಬ್ಯಾಟರಿಗಳಿಗೆ ಸೆಕೆಯೂ ಆಗದು. ಸುಮಾರು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಸೆಂಟಿಗ್ರೇಡಿಗೆ ಅವುಗಳ ಆಯುಸ್ಸು ಅರ್ಧವಾಗುವುದೆಂದು ತಿಳಿದವರ ಲೆಕ್ಕ. ವಿದ್ಯುತ್ತಿನಿಂದಲೇ ಓಡುವ ಗಾಡಿಗಳಿಗೆ ಹೊಗೆಯ ಭಯವಿಲ್ಲದಿದ್ದರೂ ಅವುಗಳ ಬ್ಯಾಟರಿಗೂ ತಂಪೇ ಹಿತ.

ಇನ್ನು ಬೇಗೆಯ ಮೂಲ. ಅದು ಮುಖ್ಯವಾಗಿ ಮಾಡು. ಹೊಳೆಯುವ ತಗಡು ಬಿಸಿಲನ್ನು ಹಿಂದಕ್ಕೆ ಎಸೆಯುವುದೆಂದು ನಾನು ನಂಬಿದ್ದೆ. ಸ್ವಲ್ಪ ಎಸೆಯುವುದು ನಿಜವೇ. ಆದರೆ ಹೀರಿದ ಶಾಖವನ್ನು ಆಕಾಶಕ್ಕೆ ಮರಳಿಸುವುದರಲ್ಲಿ ಬೋಳು ಲೋಹವು ಮಹಾ ಜಿಪುಣ. ಹೀಗಾಗಿ ಕಾದು ಕೂರುತ್ತದೆ. ಬಿಳಿಯ ಬಣ್ಣವಾದರೋ ಬಿಸಿಲನ್ನೂ ತಿರುಗಿಸುತ್ತದೆ, ಹೀರಿದುದನ್ನೂ ಬಿಟ್ಟುಕೊಡುತ್ತದೆ. ಗಾರೆಯ ಮಾಳಿಗೆಗೆ ಸುಣ್ಣವೇ ಸಾಕು, ಆದರೆ ಮಳೆಗೆ ತೊಳೆದುಹೋಗುವುದರಿಂದ ವರ್ಷವರ್ಷವೂ ಬಳಿಯಬೇಕು. ತಗಡಿಗೆ ಸುಣ್ಣ ನಿಲ್ಲದು, ಬಣ್ಣವೇ ಬೇಕು. ನೆರೆಯ ತೆಲಂಗಾಣದವರು 2023ರಲ್ಲಿ ತಂಪು ಛಾವಣಿಗಳಿಗೆಂದೇ ಒಂದು ಸರ್ಕಾರಿ ನೀತಿಯನ್ನು ಹೊರಡಿಸಿದರು. ನಮ್ಮ ಅಜ್ಜಿ ಮಾಳಿಗೆಗೆ ಸುಣ್ಣ ಹೊಡೆಯಿಸುತ್ತಿದ್ದುದು ಯಾವ ನೀತಿಯ ಮೇರೆಗೋ! ಕಲ್ನಾರಿನ ಹಾಳೆಯ ಮಾಡುಳ್ಳವರು ಅದನ್ನು ಕೊರೆಯುವುದಾಗಲಿ ಒಣಗಿದ್ದಾಗ ಉಜ್ಜುವುದಾಗಲಿ ಕೂಡದು. ಅದರ ನಾರು ಶ್ವಾಸಕೋಶಕ್ಕೆ ಕೇಡು.

ಬಣ್ಣದ ಮೇಲೆ, ತಗಡಿನ ಅಡಿಯಲ್ಲಿ ಮುಕ್ಕಾಲು ಅಡಿ ಬಿಟ್ಟು ಬಿದಿರಿನ ತಟ್ಟಿಯ ಒಳಮಾಡನ್ನೂ ಹಾಕಿಸಿದೆ. ಮೇಲಿನ ಕಿಂಡಿಗಳಲ್ಲೊಂದು ಆ ಸಂದಿಗೂ ಒಂದು ತಟ್ಟಿಯ ಕೆಳಗಣ ಜಾಗಕ್ಕೂ ತೆರೆದಿರುವಂತೆ ನೋಡಿಕೊಂಡೆ. ಪಶ್ಚಿಮದ ಗೋಡೆಗೆ ಅವರೆಯ ಬಳ್ಳಿಯನ್ನು ಹಂದರ ಕಟ್ಟಿ ಹಬ್ಬಿಸಿದ್ದು ನನ್ನ ಹೆಂಡತಿಯ ಉಪಾಯ. ಗೋಡೆಗೆ ನೆರಳು, ಮನೆಗೆ ಸಾರು.

ಪಂಖದ ವಿಷಯ ಹೆಚ್ಚೇನೂ ಇಲ್ಲ. ಗಾಳಿಯನ್ನು ಹೊರದೂಡುವ ಪಂಖವನ್ನು ಎತ್ತರದಲ್ಲಿಡಬೇಕು. ಕೆಳಗಿನ ಕಿಂಡಿ ಮುಚ್ಚಿದ್ದರೆ ಅದು ಬರಿಯ ಸದ್ದು ಮಾಡುವುದು. ಅದಕ್ಕಿಂತ ಹೊತ್ತು ನೋಡಿ ಬಾಗಿಲು ತೆರೆಯುವುದು ಮೇಲು. ನಮ್ಮಂಥ ಒಣಸೀಮೆಯಲ್ಲಿ ನಡುಹಗಲ ಗಾಳಿಯೇ ಬೆಂಕಿ. ಷಟರನ್ನು ಮುಂಜಾನೆಯೂ ಇಳಿಹೊತ್ತಿನ ಮೇಲೂ ಎತ್ತಿಟ್ಟು, ಮಧ್ಯಾಹ್ನ ಇಳಿಸುವುದು ಯುಕ್ತವು. ಕಿಂಡಿಗಳು ಮಾತ್ರ ಸದಾ ತೆರೆದಿರತಕ್ಕದ್ದು. ದೂರದಿಂದ ಬಂದ ಗಾಡಿಯನ್ನು ಒಡನೆಯೇ ಒಳಗೆ ಸೇರಿಸುವುದು, ಉರಿಯುವ ಒಲೆಯನ್ನು ಕೋಣೆಗೆ ತಂದಿಟ್ಟಂತೆ. ನಮ್ಮ ಗಾಡಿ ಮೊದಲು ಬೇವಿನ ಮರದ ಕೆಳಗೆ ಒಂದು ಗಂಟೆ ನಿಂತು ಆರುತ್ತದೆ.

ಆ ಹುಡುಗನು ಈಗಲೂ ಬರುತ್ತಾನೆ. ಗಾಡಿಯನ್ನು ಹೊರಗೆ ತಂದಲ್ಲದೆ ತೊಳೆಯುವುದಿಲ್ಲ, ಆಷಾಢವಿರಲಿ, ಮಣ್ಣು ಕೂರಲಿ. ಮೇಲಿನ ಕಿಂಡಿಯ ನೂಲನ್ನು ನಾನು ತೆಗೆಯಲಿಲ್ಲ. ಒಳಗೆ ಹೋಗುವ ಮುನ್ನ ಇಬ್ಬರೂ ಅದನ್ನೊಮ್ಮೆ ನೋಡುತ್ತೇವೆ. ಹೋದ ಚೈತ್ರದಲ್ಲಿ ಒಂದು ದಿನ ಎಳೆ ಅಲುಗದೆ ನಿಂತಿತು. ಏಣಿ ಹಾಕಿ ನೋಡಿದರೆ, ಬಲೆಯ ಹೊರಮುಖಕ್ಕೆ ಗುಬ್ಬಿಯೊಂದು ಹುಲ್ಲು ತುರುಕಿ ಸಂಸಾರ ಹೂಡಿತ್ತು. ಮರಿಗಳು ಹಾರಿಹೋಗುವ ತನಕ ಕಾರು ಬೇವಿನ ಮರದ ಕೆಳಗೇ ಇತ್ತು.